ಮೂಗಿಗೆ ಸಿಹಿ

ಬೆಂಗಳೂರಿನ ಒಂದು ದೊಡ್ಡ ಭೋಜನಾಲಯದಲ್ಲಿ ವೈನ್ ಬಡಿಸುವ ಕೆಲಸದಲ್ಲಿದ್ದ ಪರಿಗಿಯ ಯುವಕನೊಬ್ಬನಿಗೆ, ಐಚ್ಛಿಕ ಕನ್ನಡ ಓದಿದ ಮೂರು ವರ್ಷಗಳಲ್ಲಿ ಯಾವ ಅಧ್ಯಾಪಕರೂ ಕೇಳದಿದ್ದ ಪ್ರಶ್ನೆಯೊಂದನ್ನು ಒಬ್ಬ ವೃದ್ಧರು ಕೇಳಿದರು. ಮದುವೆಯಾಗಿ ಐವತ್ತು ವರ್ಷ ತುಂಬಿದ ದಿನವೆಂದು, ಮಕ್ಕಳ ಒತ್ತಾಯಕ್ಕೆ ಮಣಿದು ಹೆಂಡತಿಯೊಡನೆ ಬಂದು ಕುಳಿತಿದ್ದವರು ಅವರು. ಪಟ್ಟಿಯ ಮೇಲೆ ಬೆರಳಿಟ್ಟು, "ಏನಪ್ಪಾ, ನೀನು ಕನ್ನಡದವನೇ?" ಎಂದರು.

"ಹೌದು ಸಾರ್. ಹಿಂದೂಪುರದ ಹತ್ತಿರ, ಪರಿಗಿ."

"ಹಾಗಾದರೆ ಇದು ಹೇಗಿರುತ್ತದೆ ಅನ್ನುವುದನ್ನು ಕನ್ನಡದಲ್ಲೇ ಹೇಳು. ಇವಳಿಗೂ ತಿಳಿಯಲಿ."

ಬೆರಳು ನಿಂತಿದ್ದುದು ಕೊಂದ್ರಿಯೊ ಎಂಬ ಫ್ರೆಂಚ್ ಬಿಳಿ ವೈನಿನ ಹೆಸರಿನ ಮೇಲೆ. ಅದರ ವರ್ಣನೆ ಅವನಿಗೆ ಇಂಗ್ಲಿಷಿನಲ್ಲಿ ಕಂಠಪಾಠವಾಗಿತ್ತು. ಏಪ್ರಿಕಾಟ್, ಪೀಚ್, ಹನಿಸಕಲ್ ಹೂವು ಎಂದು ಶುರುವಾಗಿ ಎಂಟು ವಾಕ್ಯಗಳಲ್ಲಿ ಮುಗಿಯುತ್ತಿದ್ದ ಆ ಪಾಠವನ್ನು ಅವನು ನಿದ್ದೆಯಲ್ಲಿಯೂ ಒಪ್ಪಿಸಬಲ್ಲವನಾಗಿದ್ದ. ಕನ್ನಡಕ್ಕೆ ಬಾಯಿ ತೆರೆದಾಗ ಮಾತ್ರ ಒಂದೇ ಮಾತು ಹೊರಬಿತ್ತು: "ಚೆನ್ನಾಗಿರುತ್ತೆ ಸಾರ್." ಆಕೆ ನಕ್ಕರು. ಆ ನಗುವಿನಲ್ಲಿ ಕುಹಕವಿರಲಿಲ್ಲ. ಮಗನ ವಯಸ್ಸಿನವನು ತಡವರಿಸಿದಾಗ ಹಿರಿಯರು ನಗುವ ಬಗೆ ಅದು. ಇಬ್ಬರೂ ನಿಂಬೆಹಣ್ಣಿನ ಪಾನಕ ತರಿಸಿಕೊಂಡರು.

ಆ "ಚೆನ್ನಾಗಿರುತ್ತೆ" ಅವನನ್ನು ಬಹಳ ದಿನ ಬಿಡಲಿಲ್ಲ. ಪರೀಕ್ಷೆಯಲ್ಲಿ ಪಂಪನ ವರ್ಣನಾಕೌಶಲದ ಬಗ್ಗೆ ಆರು ಪುಟ ಬರೆದಿದ್ದವನಿಗೆ, ಎದುರಿಗಿದ್ದ ಒಂದು ಬಟ್ಟಲು ಪಾನೀಯವನ್ನು ವರ್ಣಿಸಲು ಒಂದು ವಾಕ್ಯ ಒದಗಲಿಲ್ಲ.

ಪರಿಗಿಯವರಿಗೆ ಭಾಷೆಯ ವಿಷಯದಲ್ಲಿ ಇಂಥ ಮುಜುಗರ ಹೊಸದಲ್ಲ. ಬೀದಿಯಲ್ಲಿ ತೆಲುಗು, ಕೆಲವು ಮನೆಗಳ ಒಳಗೆ ಕನ್ನಡ. ಬಸ್ಸು ಹಿಡಿದರೆ ಸ್ವಲ್ಪ ಹೊತ್ತಿಗೆ ಕರ್ನಾಟಕ. ಹೊರಗಿನವರು ಕೇಳಿದರೆ "ಹಿಂದೂಪುರದ ಹತ್ತಿರ" ಎಂದು ಸೇರಿಸಿ ಹೇಳದೆ ಊರು ಗುರುತಾಗುವುದಿಲ್ಲ. ಆದರೆ ಒಂದು ಕಾಲಕ್ಕೆ ಈ ಊರಿಗೆ ಬೇರೆ ಊರಿನ ಆಸರೆ ಬೇಕಿರಲಿಲ್ಲ. ಕ್ರಿ.ಶ. ಐದನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಗಂಗರ ಮಾಧವನ ಪೆನುಕೊಂಡ ತಾಮ್ರಪಟದಲ್ಲಿ ಪರುವಿ ವಿಷಯ ಎಂಬ ನಾಡಿನ ಹೆಸರಿದೆ. ಪರುವಿಯ ದೊಡ್ಡ ಕೆರೆಯ ಕೆಳಗಿನ ಭತ್ತದ ಗದ್ದೆಗಳನ್ನು ಕುಮಾರಶರ್ಮನೆಂಬ ಬ್ರಾಹ್ಮಣನಿಗೆ ಕೊಟ್ಟ ದಾಖಲೆ ಅದು. ಆ ಪರುವಿಯೇ ಇಂದಿನ ಪರಿಗಿ. ಹೆಸರು ಕೆರೆಗೆ ಅಂಟಿಕೊಂಡಿದೆ, ಕೆರೆ ಗದ್ದೆಗೆ, ಗದ್ದೆ ಅನ್ನಕ್ಕೆ. ಬೆಳೆದ ವಸ್ತುವಿನಿಂದ ಬೆಳೆದ ನೆಲವನ್ನು ಬಿಡಿಸಲಾಗದೆಂಬ ಈ ಲೆಕ್ಕ, ಕೊಂದ್ರಿಯೊ ಎಂಬ ಹೆಸರಿನಲ್ಲಿಯೂ ಇದೆ.

ಕೊಂದ್ರಿಯೊ ಎನ್ನುವುದು ದ್ರಾಕ್ಷಿಯ ಹೆಸರಲ್ಲ, ಕಂಪನಿಯದೂ ಅಲ್ಲ. ಅದು ಒಂದು ಊರು. ಫ್ರಾನ್ಸಿನ ಲಿಯೋನ್ ನಗರದ ದಕ್ಷಿಣಕ್ಕೆ, ರೋನ್ ನದಿಯ ಪಶ್ಚಿಮ ದಂಡೆಯಲ್ಲಿ, ಕಡಿದಾದ ಕಗ್ಗಲ್ಲಿನ ಇಳಿಜಾರುಗಳ ಮೇಲೆ ಕಲ್ಲುಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಮಣ್ಣು ನಿಲ್ಲಿಸಿ ಮಾಡಿದ ತೋಟಗಳು ಅಲ್ಲಿವೆ. 1940ರಲ್ಲಿ ಫ್ರಾನ್ಸಿನ ಕಾನೂನು ಈ ಹೆಸರಿಗೆ ಎಲ್ಲೆ ಹಾಕಿತು. ಆ ಎಲ್ಲೆಯೊಳಗೆ ಬೆಳೆದ, ವಿಯೊನ್ಯೇ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ ಮಾಡಿದ ಬಿಳಿ ವೈನಿಗೆ ಮಾತ್ರ ಕೊಂದ್ರಿಯೊ ಎನ್ನಬಹುದು. (ಬರೆಯುವುದರಲ್ಲಿ ಇಲ್ಲದ ಉಚ್ಚಾರ, ಉಚ್ಚಾರದಲ್ಲಿ ಇಲ್ಲದ ಅಕ್ಷರ ಫ್ರೆಂಚಿನ ಚಾಳಿ. ಪಟ್ಟಿ ನೋಡಿ 'ವಿಯೊಗ್ನಿಯರ್' ಎನ್ನುವ ಗಿರಾಕಿಗಳನ್ನು ತಿದ್ದಬಾರದೆಂಬುದು ಅವನಿಗೆ ಕೆಲಸದಲ್ಲಿ ಕಲಿಸಿದ ಮೊದಲ ವಿನಯ.)

ಈ ವಿಯೊನ್ಯೇ ಹಟಮಾರಿ ಬಳ್ಳಿ. ಇಳುವರಿ ಕಡಮೆ, ಬೂದಿರೋಗಕ್ಕೆ ಬೇಗ ತುತ್ತಾಗುತ್ತದೆ. ಪರಿಮಳ ಹಣ್ಣಿಗೆ ಬರುವುದು ತೀರ ಮಾಗಿದ ಮೇಲೆ. ಆದರೆ ಮಾಗುತ್ತ ಹೋದಂತೆ ಹುಳಿ ಬೇಗ ಇಳಿದುಹೋಗುತ್ತದೆ. ಒಂದೆರಡು ದಿನ ಮೊದಲೇ ಕಿತ್ತರೆ ಘಮವಿಲ್ಲ, ತಡೆದು ಕಿತ್ತರೆ ವೈನು ಜಿಡ್ಡುಜಿಡ್ಡು. ಅವರೆಕಾಯಿ ಬಿಡಿಸುವವರಿಗೆ, ಹುಣಿಸೆ ಉದುರಿಸುವವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ಬೇರುಗಳನ್ನು ತಿಂದ ಫಿಲಾಕ್ಸೆರಾ ಕೀಟ, ಆ ಮೇಲೆ ಮಹಾಯುದ್ಧ, ಅದರ ಹಿಂದೆಯೇ ಕಣಿವೆಯ ಕಾರ್ಖಾನೆಗಳ ಕೂಲಿ ಬಂದು, ಇಳಿಜಾರಿನ ತೋಟಗಳನ್ನು ಜನ ಒಂದೊಂದಾಗಿ ಬಿಟ್ಟರು. 1960ರ ದಶಕದ ಹೊತ್ತಿಗೆ ವಿಯೊನ್ಯೇ ಉಳಿದಿದ್ದುದು ಹದಿನೈದು ಹೆಕ್ಟೇರಿಗೂ ಕಡಮೆ ನೆಲದಲ್ಲಿ. ಪರಿಗಿಯ ಲೆಕ್ಕದಲ್ಲಿ ಅದು ಒಂದು ಕೆರೆಯ ಅಚ್ಚುಕಟ್ಟೂ ಅಲ್ಲ. ಬಿದ್ದ ಗೋಡೆಗಳನ್ನು ಮತ್ತೆ ಕಟ್ಟಿ ಆ ತಳಿಯನ್ನು ಉಳಿಸಿದವರಲ್ಲಿ ಜಾರ್ಜ್ ವೆರ್ನೇ ಎಂಬ ರೈತನ ಹೆಸರು ಮುಂಚೂಣಿಯದು. ಇಂದು ಕೊಂದ್ರಿಯೊ ಒಂದರಲ್ಲೇ ಇನ್ನೂರು ಹೆಕ್ಟೇರಿನ ಆಸುಪಾಸು ವಿಯೊನ್ಯೇ ಇದೆ; ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾಗಳಲ್ಲಿಯೂ ಇದೆ.

ನಂದಿಬೆಟ್ಟದ ತಪ್ಪಲಿನಲ್ಲಿಯೂ ಇದೆ. ಈ ಸಂಗತಿ ತಿಳಿದ ದಿನ ಅವನಿಗೆ ಅದೇಕೋ ಊರಿಂದ ಕಾಗದ ಬಂದಂತಾಯಿತು. 1988ರಲ್ಲಿ ಕನ್ವಲ್ ಗ್ರೋವರ್ ಅವರು ಶಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಅವರ ಸಲಹೆಯೊಡನೆ ದೊಡ್ಡಬಳ್ಳಾಪುರದ ಕಡೆಯ ನೆಲದಲ್ಲಿ ಫ್ರೆಂಚ್ ತಳಿಗಳ ತೋಟ ಹೂಡಿದರು. ಮುಂದೆ ಆ ತೋಟದಿಂದ ವಿಯೊನ್ಯೇ ವೈನೂ ಬಂತು. ಸುತ್ತಲ ಹೊಲಗಳಲ್ಲಿ ಅದಕ್ಕೂ ಬಹಳ ಹಿಂದಿನಿಂದ ಬೆಳೆಯುತ್ತಿದ್ದುದು 'ಬೆಂಗಳೂರು ಬ್ಲೂ' ಎಂಬ ದಪ್ಪ ಸಿಪ್ಪೆಯ, ಬೀಜವಿರುವ, ಕಪ್ಪುನೀಲಿ ದ್ರಾಕ್ಷಿ. ಹಿಂದೂಪುರದ ಸಂತೆಯಲ್ಲಿ ದ್ರಾಕ್ಷಿಯೆಂದರೆ ಅವನ ತಾಯಿಗೆ ಗೊತ್ತಿದ್ದುದು ಇದೇ. ಫ್ರಾನ್ಸಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಂದಿಯ ತಪ್ಪಲಿನಲ್ಲಿ ಅದಕ್ಕೆ ನಿದ್ದೆಯಿಲ್ಲ. ವರ್ಷಕ್ಕೆ ಎರಡು ಸಲ ಸವರಿ, ಅದು ಮಲಗಿ ಎದ್ದಿತೆಂದು ನಂಬಿಸಿ, ಬೇಸಗೆಯ ಬಾಗಿಲಲ್ಲಿ ಹಣ್ಣು ಕೀಳುತ್ತಾರೆ.

ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾಯ್ದು, ಗಡಿ ದಾಟಿ, ಹಿಂದೂಪುರದ ಸೀಮೆಗೆ ಬರುತ್ತದೆ. ದೇವರಾಯನದುರ್ಗದಿಂದ ಇಳಿದ ಜಯಮಂಗಲಿ ಪರಿಗಿಯ ಆಸುಪಾಸಿನಲ್ಲಿ ಅದನ್ನು ಕೂಡುತ್ತದೆ. ನೀರಿಗಿಂತ ಮರಳೇ ಹೆಚ್ಚು ಕಾಣುವ ನದಿ. ಆದರೂ ನದಿಯೇ. ಅದು ಇನ್ನೂ ಮುಂದೆ ಹೋಗಿ ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ನೆಲ್ಲೂರಿನ ಮಾತು ಮುಂದೆ ಬರಲಿದೆ.

ಪ್ರಶ್ನೆಗೆ ಉತ್ತರ ಹುಡುಕಲು ಅವನು ಮೊದಲು ಹೋದದ್ದು ಪುಸ್ತಕಗಳ ಕಡೆಗೇ. ಐಚ್ಛಿಕ ಕನ್ನಡದವರ ಮೊದಲ ಅಭ್ಯಾಸವದು. ಪಂಪನ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯಿದೆ. ಕುಡಿದವರ ತೊದಲು, ಕುಣಿತ, ಸಡಿಲವಾದ ಮಾತು ಎಲ್ಲವೂ ಅಲ್ಲಿ ಕಣ್ಣಿಗೆ ಕಟ್ಟುತ್ತವೆ. ಆದರೆ ಕವಿಯ ಕಣ್ಣು ಕುಡಿದವರ ಮೇಲೆ, ಕುಡಿದ ವಸ್ತುವಿನ ರುಚಿಯ ಮೇಲೆ ಅಷ್ಟಾಗಿ ಅಲ್ಲ. ಎರಡನೆಯ ಚಾವುಂಡರಾಯನ ಲೋಕೋಪಕಾರ ಅಡುಗೆಯನ್ನು ಹೇಳುತ್ತದೆ. ಮೂರನೆಯ ಮಂಗರಸನ ಸೂಪಶಾಸ್ತ್ರ ಬದನೆ, ಹಲಸುಗಳನ್ನು ಷಟ್ಪದಿಯಲ್ಲಿ ಬೇಯಿಸುತ್ತದೆ. ಜೈನ ಕವಿಯ ಅಡುಗೆಮನೆಯಲ್ಲಿ ಮದ್ಯಕ್ಕೆ ಎಡೆಯಿರುವುದು ಹೇಗೆ? ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಾತ್ರ ಅವನಿಗೆ ಒಂದು ಎಳೆ ಸಿಕ್ಕಿತು. ದ್ರಾಕ್ಷಿಯ ರಸದಿಂದಾದ ಮದ್ಯಕ್ಕೆ 'ಮಧು' ಎಂದು ಹೆಸರಿಟ್ಟು, ಅದು ಹುಟ್ಟಿದ ದೇಶವೇ ಅದರ ವಿವರಣೆಯೆಂದು ಹೇಳಿ, ಕಾಪಿಶಾಯನ, ಹಾರಹೂರಕ ಎಂಬ ಎರಡು ಹೆಸರುಗಳನ್ನು ಅಲ್ಲಿ ಕೊಟ್ಟಿದೆ. ಊರಿನ ಹೆಸರಿನಿಂದ ಪಾನೀಯವನ್ನು ಕರೆಯುವ ಪದ್ಧತಿ ಫ್ರೆಂಚರ ಸ್ವಂತ ಸೊತ್ತಲ್ಲ ಎಂಬಷ್ಟು ಸಮಾಧಾನ ಅದರಿಂದಾಯಿತು.

ಇನ್ನು ಅಲಂಕಾರಶಾಸ್ತ್ರ. ವಿದ್ಯಾನಾಥನ ಪ್ರತಾಪರುದ್ರೀಯವನ್ನು ತರಗತಿಯಲ್ಲಿ ಟಿಪ್ಪಣಿಯ ಮಟ್ಟಿಗೆ ಓದಿದ್ದ. ಒಳಗೂ ಹೊರಗೂ ರಸ ಹೊಮ್ಮುವ ಕಾವ್ಯ ದ್ರಾಕ್ಷಾಪಾಕ. ಒಡೆದರೆ ಮಾತ್ರ ರಸ ಸಿಗುವುದು ನಾರಿಕೇಳಪಾಕ. ಕಾವ್ಯದ ರುಚಿ ಹೇಳಲು ದ್ರಾಕ್ಷಿಯನ್ನು ಎರವಲು ತಂದ ಪರಂಪರೆಗೆ, ದ್ರಾಕ್ಷಿಯ ರುಚಿ ಹೇಳುವಾಗ ಬಾಯಿ ಕಟ್ಟಿತಲ್ಲ ಎಂದು ಅವನಿಗೆ ನಗು ಬಂತು. ದ್ರಾಕ್ಷಾರಸವೆಂಬ ಪದವೊಂದು ಕನ್ನಡ ಬೈಬಲಿನ ಬಲದಿಂದ ಬಳಕೆಯಲ್ಲಿದೆಯಷ್ಟೆ. ಭೋಜನಾಲಯದಲ್ಲಿ ಅದನ್ನು ಹೇಳಿದರೆ ಜನ ಹಣ್ಣಿನ ಜ್ಯೂಸ್ ಎಂದು ತಿಳಿಯುತ್ತಾರೆ.

ಪುಸ್ತಕ ಮುಚ್ಚಿದ ಮೇಲೆ ನೆನಪಿಗೆ ಬಂದದ್ದು ಅಡುಗೆಮನೆ. ಅಲ್ಲಿ ಪದಗಳಿಗೆ ಬರವಿರಲಿಲ್ಲ. ಕೆಂಪು ವೈನಿನಲ್ಲಿ ನಾಲಗೆಯನ್ನು ಹಿಡಿದೆಳೆಯುವ ಗುಣಕ್ಕೆ ಟ್ಯಾನಿನ್ ಎನ್ನುತ್ತಾರೆ. ಅದು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುತ್ತದೆ. ಕನ್ನಡದಲ್ಲಿ ಅದು ಒಗರು. ಎಳೆಯ ಬಾಳೆಕಾಯಿ, ನೇರಳೆ, ಅಡಕೆ ಬಾಯಲ್ಲಿಟ್ಟವರಿಗೆ ಇದಕ್ಕಿಂತ ಖಚಿತವಾದ ಪದ ಬೇಡ. ಬಿಳಿ ವೈನಿಗೆ ಹಣ್ಣನ್ನು ಹಿಂಡಿ ಸಿಪ್ಪೆ ಬೇರೆಮಾಡಿ ರಸವನ್ನಷ್ಟೆ ಹುದುಗಲು ಬಿಡುವುದರಿಂದ ಒಗರು ಇರುವುದಿಲ್ಲವೆನ್ನುವಷ್ಟು ಕಡಮೆ. ವೈನಿಗೆ ಮೈ ಇದೆ, ಇಲ್ಲ ಎಂದು ಇಂಗ್ಲಿಷಿನವರು ಹೇಳುವುದನ್ನು ಸಾರಿನ ತಿಳಿ, ಗಟ್ಟಿ ಎಂಬ ಎರಡು ಮಾತು ಹೇಳಿ ಮುಗಿಸುತ್ತವೆ. ನುಂಗಿದ ಮೇಲೂ ರುಚಿ ಉಳಿಯುವುದಕ್ಕೆ ಬಾಯಲ್ಲಿ ನಿಲ್ಲುತ್ತದೆ ಎಂದರಾಯಿತು. ಮತ್ತೆ ಸೊಗಡು! ಚಳಿಗಾಲದ ಅವರೆಕಾಯಿಯ ಮೇಲೆ ಬೆರಳಿಗೆ ಅಂಟುವ ಆ ಎಣ್ಣೆಯಂಥ ವಾಸನೆಗೆ, ಒಂದು ವಸ್ತು ತನ್ನ ಕಾಲದಲ್ಲಿ, ತನ್ನ ನೆಲದಲ್ಲಿ ಮಾತ್ರ ಕೊಡುವ ಗಂಧಕ್ಕೆ, ಈ ಹೆಸರನ್ನು ಯಾರು ಇಟ್ಟರೋ. ವೈನಿನ ಪಂಡಿತರು ಗ್ರಂಥಗಟ್ಟಲೆ ಬರೆದು ಹೇಳಲು ಹೆಣಗುವ ಸಂಗತಿಯ ಅರ್ಧವನ್ನಾದರೂ ಅದು ಮೂರಕ್ಷರದಲ್ಲಿ ಹೇಳುತ್ತದೆ.

ಯಾವ ಊಟದ ಜೊತೆಗೆ ಎಂಬುದನ್ನೂ ಅವನು ಈ ದಾರಿಯಲ್ಲೇ ಯೋಚಿಸಿದ. ಕೊಂದ್ರಿಯೊದವರು ಅದನ್ನು ನದಿಯ ಮೀನಿನಿಂದ ಮಾಡಿದ ಮೆತ್ತನೆಯ ಕಡುಬಿನಂಥ ತಿಂಡಿಯ ಜೊತೆಗೆ, ತಮ್ಮ ಊರಿನ ಹೆಸರನ್ನೇ ಹೊತ್ತ ರಿಗೊತ್ ಎಂಬ ಪುಟ್ಟ ಮೇಕೆಹಾಲಿನ ಗಿಣ್ಣಿನ ಜೊತೆಗೆ ಇಟ್ಟುಕೊಳ್ಳುತ್ತಾರೆ. ಹತ್ತು ಹನ್ನೆರಡು ಡಿಗ್ರಿಯ ತಂಪಿನಲ್ಲಿ, ಹೆಚ್ಚು ವರ್ಷ ಕಾಯಿಸದೆ ಕುಡಿಯುತ್ತಾರೆ. ಇಟ್ಟಷ್ಟೂ ಅದರ ಘಮ ಆರುತ್ತದೆ. ನಮ್ಮ ಕಡೆಯ ಊಟಕ್ಕೆ ಹೇಗೆ? ವಿಯೊನ್ಯೇಯಲ್ಲಿ ಹುಳಿ ಕಡಮೆ, ಆಲ್ಕೋಹಾಲು ಸ್ವಲ್ಪ ಮುಂದು. ಊಟದಲ್ಲಿ ವೈನಿಗಿಂತ ಹೆಚ್ಚು ಹುಳಿಯಿದ್ದರೆ ವೈನು ಸಪ್ಪೆಯಾಗುತ್ತದೆ. ಖಾರವಿದ್ದರೆ ಆಲ್ಕೋಹಾಲು ಆ ಖಾರಕ್ಕೆ ಬೆಂಕಿ ಹಾಕುತ್ತದೆ. ಹಿಂದೂಪುರವಾದರೋ ಹುಣಿಸೆಹಣ್ಣಿನ ದೊಡ್ಡ ಮಾರುಕಟ್ಟೆಯ ಊರು; ಸುತ್ತಲ ಸಾರು ಗೊಜ್ಜುಗಳೆಲ್ಲ ಅದರ ಪ್ರಜೆಗಳು. ಬಸ್ಸಾರಿನ ಮುಂದೆ ಫ್ರಾನ್ಸಿನ ಈ ನಾಜೂಕು ನಿಲ್ಲುವಂತಿಲ್ಲ. ತೆಂಗಿನ ಹಾಲು, ಶುಂಠಿ, ಚಕ್ಕೆ ಲವಂಗದ ಹದವಾದ ಮಸಾಲೆ ಇದ್ದಲ್ಲಿ ಅದು ಹೊಂದುತ್ತದೆ. ಹಿತಕಿದ ಬೇಳೆ ಸಾರು, ಮೆಣಸಿನಕಾಯಿಯ ಕೈ ಹಿಡಿದು, ಕಾಯಿ ಗಸಗಸೆ ಧಾರಾಳವಾಗಿ ರುಬ್ಬಿ ಹಾಕಿದ್ದು, ಬಹುಶಃ ಅದಕ್ಕೆ ಸರಿಯಾದ ಜೋಡಿ ಎಂಬ ತೀರ್ಮಾನಕ್ಕೆ ಅವನು ಬಂದ. ಪರೀಕ್ಷಿಸಿ ನೋಡುವ ಮಾತಿರಲಿಲ್ಲ. ಆ ಸಾರು ಕುದಿಯುತ್ತಿದ್ದ ಮನೆಗೆ ಬಾಟಲಿ ಹೋಗುವಂತಿರಲಿಲ್ಲ.

ಅವನ ತಾಯಿ ಮದುವೆಯಾಗಿ ಪರಿಗಿಗೆ ಬಂದದ್ದು 1992ರಲ್ಲಿ. ಅದೇ ವರ್ಷ ಪಿನಾಕಿನಿಯ ಕೆಳಗಿನ ಸೀಮೆಯಲ್ಲಿ, ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಸಾರಾಯಿ ಅಂಗಡಿಯನ್ನು ಮುಚ್ಚಿಸಿದ್ದರು. ಅಕ್ಷರ ಕಲಿಯಲು ರಾತ್ರಿಶಾಲೆಗೆ ಬರುತ್ತಿದ್ದವರು ಅವರು. ಆ ಗಾಳಿ ರಾಯಲಸೀಮೆಗೂ ಹಬ್ಬಿತು. ಹೊಸ ಸೊಸೆಯಾದ ಆಕೆಯೂ ಊರ ಹೆಂಗಸರೊಡನೆ ಅಂಗಡಿಯ ಮುಂದೆ ಕುಳಿತು, ಪ್ಯಾಕೆಟ್ಟುಗಳನ್ನು ಮಣ್ಣಿಗೆ ಸುರಿದವಳು. 1993ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಂತಿತು, 1995ರ ಜನವರಿಯಲ್ಲಿ ಪೂರ್ಣ ಪಾನನಿಷೇಧವೇ ಬಂತು; 1997ರಲ್ಲಿ ಅದು ಸಡಿಲವಾಯಿತು. ಆದರೆ ಪರಿಗಿಯ ಗಂಡಸರಿಗೆ ನಿಷೇಧ ಎಷ್ಟರದು? ಗಡಿ ದಾಟಿದರೆ ಕರ್ನಾಟಕ. ಅಲ್ಲಿ ಸಾರಾಯಿ 2007ರವರೆಗೆ ಹರಿಯಿತು. ಅವನ ತಂದೆ ಗಡಿ ದಾಟುತ್ತಿದ್ದವರಲ್ಲಿ ಒಬ್ಬ. ಮಗ ಐದನೆಯ ತರಗತಿಯಲ್ಲಿದ್ದಾಗ ಒಂದು ಸಲ ದಾಟಿದವನು ಜೀವಂತ ಹಿಂದಿರುಗಲಿಲ್ಲ. ಕರ್ನಾಟಕ ಸಾರಾಯಿಯನ್ನು ನಿಲ್ಲಿಸಿದ ಆ 2007ರಲ್ಲೇ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ಹೊರಡಿಸಿತು ಎಂಬುದನ್ನು ಅವನು ಬಹಳ ಕಾಲದ ಮೇಲೆ, ಕೆಲಸದ ತರಬೇತಿಯಲ್ಲಿ ಓದಿದ. ಉಳಿದವರು ಆ ಪುಟವನ್ನು ತಿರುವಿದರು. ಅವನಿಗೆ ತಿರುವಲಾಗಲಿಲ್ಲ.

ಮಗ 'ಹೋಟೆಲಿನಲ್ಲಿ ಕೆಲಸ' ಮಾಡುತ್ತಾನೆಂದು ಆಕೆಗೆ ಗೊತ್ತಿತ್ತು. ಹೋಟೆಲೆಂದರೆ ಇಡ್ಲಿ, ದೋಸೆ. ಮಾರ್ಗಶಿರದ ಒಂದು ಮಧ್ಯಾಹ್ನ ಅವನು ಊರಿಗೆ ಬಂದಾಗ ಆಕೆ ನಡುಮನೆಯಲ್ಲಿ ನೆನೆದ ಅವರೆಕಾಳು ಹಿತಕುತ್ತ ಕುಳಿತಿದ್ದಳು. ಅವನೂ ಎದುರು ಕುಳಿತು ಹಿತಕತೊಡಗಿದ. ಹಾಗೆ ಕೈಗೆ ಕೆಲಸವಿದ್ದಾಗ, ಮುಖ ನೋಡಬೇಕಾಗಿಲ್ಲದಾಗ, ಹೇಳಿಬಿಟ್ಟ.

ಆಕೆಯ ಕೈ ನಿಲ್ಲಲಿಲ್ಲ. "ಅಂದ್ರೆ ಬಾಟ್ಲಿ ತೆಗೆದು ಹಾಕ್ಕೊಡೋ ಕೆಲ್ಸ."

"ಹೂಂ."

"ನೀನೂ ಕುಡೀಬೇಕಾ?"

"ರುಚಿ ನೋಡಬೇಕಮ್ಮ. ಬಾಯಲ್ಲಿಟ್ಟುಕೊಂಡು ಉಗುಳ್ತೀವಿ."

"ಏನು ಬೆಲೆ ಅದು?"

ಅವನು ಹೇಳಿದ. ಆಕೆ ಅವನ ಮುಖವನ್ನು ಆಗ ನೋಡಿದಳು. "ಉಗುಳೋಕೆ ಅಷ್ಟು ದುಡ್ಡಾ?" ಎಂದು ಕೇಳಿ, ಸಿಪ್ಪೆಯ ಗುಡ್ಡೆಯನ್ನು ಒಂದು ಕಡೆ ಸರಿಸಿದಳು. ವೈನು ಸಾರಾಯಿಯಲ್ಲ, ಊಟದ ಜೊತೆ ಒಂದು ಬಟ್ಟಲು, ಅದು ಬೇರೆ ಸಂಸ್ಕೃತಿ ಎಂದು ವಾದಿಸುವ ಮಾತುಗಳೆಲ್ಲ ಅವನ ಬಳಿ ಇದ್ದವು. ಅವನ್ನು ಆಡಲಿಲ್ಲ. ಅಂಗಡಿಯ ಮುಂದೆ ಕುಳಿತಿದ್ದ ಹೆಂಗಸಿನ ಮುಂದೆ ಆಡುವ ಮಾತುಗಳಲ್ಲ ಅವು, ಮತ್ತು ಅವುಗಳಲ್ಲಿ ಎಷ್ಟು ನಿಜವೆಂದು ಮಧ್ಯರಾತ್ರಿಯ ಮೇಜುಗಳನ್ನು ಒರೆಸಿದವನಿಗೆ ಗೊತ್ತಿತ್ತು.

ರಾತ್ರಿ ಮುದ್ದೆಯ ತಟ್ಟೆಗೆ ಸಾರು ಬಿಡುವಾಗ ಆಕೆಯೇ ಮಾತು ತೆಗೆದಳು. "ಅಷ್ಟು ದುಡ್ಡು ಕೊಡ್ತಾರಲ್ಲ, ಏನಿರುತ್ತೆ ಅದ್ರಲ್ಲಿ?"

ವೃದ್ಧರು ಕೇಳಿದ್ದೂ ಇದನ್ನೇ. ಈ ಸಲ ಅವನು ತಡವರಿಸದೆ, ಏಪ್ರಿಕಾಟನ್ನು ಬದಿಗಿಟ್ಟು, ತಿಳಿದಷ್ಟನ್ನು ಹೇಳಿದ. ಬಟ್ಟಲು ಮೂಗಿನ ಹತ್ತಿರ ತಂದರೆ ಮಾಗಿದ ಹಣ್ಣಿನ, ಹೂವಿನ ವಾಸನೆ ದಟ್ಟವಾಗಿ ಬರುತ್ತದೆ. ಜೇನೇ ಇರಬೇಕು ಅನ್ನಿಸುತ್ತದೆ. ಬಾಯಲ್ಲಿಟ್ಟರೆ ಸಿಹಿಯೇ ಇಲ್ಲ. ಒಗರೂ ಇಲ್ಲ, ಹುಳಿ ಇದ್ದೂ ಇಲ್ಲದಷ್ಟು. ಎಣ್ಣೆಯ ಹಾಗೆ ಮೆತ್ತಗೆ ಇಳಿಯುತ್ತದೆ. ನುಂಗಿದ ಮೇಲೆ ಕೊಂಚ ಕಹಿ ನಿಲ್ಲುತ್ತದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಲದ ಹಣ್ಣು ಹಂಗೆ," ಎಂದಳು. "ಮೂಗಿಗೆ ಸಿಹಿ, ನಾಲಿಗೆಗೆ ಅಲ್ಲ."

ಅವನ ಕೈಯಲ್ಲಿದ್ದ ತುತ್ತು ಹಾಗೆಯೇ ನಿಂತಿತು. ತರಬೇತಿಯ ವರ್ಷಗಳಲ್ಲಿ ಆ ದ್ರಾಕ್ಷಿಯ ಬಗ್ಗೆ ಅವನು ಕೇಳಿದ್ದ ಯಾವ ವಿವರಣೆಯೂ ಇಷ್ಟು ಚಿಕ್ಕದಾಗಿರಲಿಲ್ಲ, ಇಷ್ಟು ಸರಿಯಾಗಿಯೂ ಇರಲಿಲ್ಲ. ಬೇಲದ ಹಣ್ಣು ಮನೆಯಲ್ಲಿದ್ದರೆ ಬಾಗಿಲಿಗೇ ಅದರ ಘಮ; ಒಡೆದು ಬಾಯಿಗಿಟ್ಟರೆ ಹುಳಿ ಒಗರು; ಬೆಲ್ಲ ಬೆರೆಸದೆ ತಿನ್ನುವವರು ಕಡಮೆ. ಹುಳಿ ಒಗರುಗಳ ಲೆಕ್ಕದಲ್ಲಿ ಹೋಲಿಕೆ ಪೂರ್ತಿ ಕೂಡುವುದಿಲ್ಲ ನಿಜ, ಆದರೆ ಮೂಗು ಕೊಟ್ಟ ಮಾತನ್ನು ನಾಲಗೆ ನಡೆಸದಿರುವ ಆ ಚಮತ್ಕಾರ ಎರಡರಲ್ಲೂ ಒಂದೇ.

ಬೆಂಗಳೂರಿಗೆ ಮರಳಿದ ಮೇಲೆ ಅವನು ಪಟ್ಟಿಯ ಜೊತೆಗಿಡಲು ಒಂದು ಕನ್ನಡ ಕಾರ್ಡು ಬರೆದ. ಮೇಲಿನವರು ಅನುಮಾನಿಸುತ್ತಲೇ ಒಪ್ಪಿದರು. ಊರು, ನದಿ, ದ್ರಾಕ್ಷಿಯ ಹೆಸರು ಆದಮೇಲೆ ಆಕೆಯ ವಾಕ್ಯವನ್ನು ಹಾಗೆಯೇ ಇಟ್ಟಿದ್ದ. ಜೊತೆಗೆ ಏನು ತಿನ್ನಬಹುದೆಂಬಲ್ಲಿ ಬರೆದಿದ್ದ ಹಿತಕಿದ ಬೇಳೆ ಸಾರನ್ನು ಮಾತ್ರ ಹೊಡೆದುಹಾಕಿದರು. ತಮ್ಮ ಅಡುಗೆಮನೆಯಲ್ಲಿ ಇಲ್ಲದ್ದನ್ನು ಬರೆಯುವುದು ಹೇಗೆಂಬುದು ಅವರ ಪ್ರಶ್ನೆ, ಅದೂ ನ್ಯಾಯವೇ.

ಆ ವೃದ್ಧ ದಂಪತಿ ಮತ್ತೆ ಬರಲಿಲ್ಲ. ಪುಷ್ಯ ಕಳೆಯುವ ಹೊತ್ತಿಗೆ ಒಂದು ರಾತ್ರಿ ತಾಯಿಯ ಫೋನು ಬಂತು. ಮಳೆ, ಕೆರೆ, ಪಕ್ಕದ ಮನೆಯ ಮದುವೆ ಎಲ್ಲ ಮುಗಿದ ಮೇಲೆ, ಇಡುವ ಮೊದಲು, ಕೇಳಿದಳು:

"ಬೇಲದ ಹಣ್ಣು ಅಂದಿದ್ದು ತಿಳೀತಾ ಅಲ್ಲಿನೋರಿಗೆ?"

"ಒಬ್ಬರಿಗೆ ತಿಳೀತಮ್ಮ. ಚಿಂತಾಮಣಿ ಕಡೆಯೋರು. ಉಳಿದೋರು ಹಂಗಂದ್ರೇನು ಅಂತ ಕೇಳಿದ್ರು."

"ಬೆಂಗ್ಳೂರೋರು ಎಲ್ಲಿ ನೋಡಿರ್ತಾರೆ," ಎಂದಳು. ಆಚೆ ಬದಿಯಲ್ಲಿ ಪಾತ್ರೆ ಎತ್ತಿಡುವ ಸದ್ದು. "ಶಿವರಾತ್ರಿಗೆ ಬರ್ತೀಯಲ್ಲ, ನಾಲ್ಕು ಹಣ್ಣು ಕಟ್ಟಿಕೊಡ್ತೀನಿ. ಮೇಜಿನ ಮೇಲಿಡು. ಮೂಸಿ ನೋಡ್ಲಿ."